ಗುಟ್ಟು ಕಾಪಾಡಿದವರು

ವಾರಿಜಾ ಕಾದಂಬರಿಯನ್ನು ತಂದು ಪ್ರಕಾಶಕರ ಮೇಜಿನ ಮೇಲೆ ಕುಕ್ಕಿದಳು. ಊರೆಲ್ಲ ಹೊಗಳಿದ್ದಕ್ಕೆ ಎರಡು ದಿನ ರಜೆ ಹಾಕಿ ಓದಿದ್ದಳು. ಅದರ ಕಥೆ ಇಷ್ಟು: ನಮ್ಮ ನಡುವೆಯೇ ಅಡಗಿರುವ ಮಾಂತ್ರಿಕರ ಗುಪ್ತಸಂಘ, ಅದಕ್ಕೊಬ್ಬ ಮುಖವಾಡದ ಗುರು.

“ಇಂಥಾ ಕಸ ನಾನು ಜನ್ಮದಲ್ಲಿ ಓದಿಲ್ಲ. ಆ ಮಂತ್ರಗಾರರಿಗೆ ಮುನ್ನೂರು ಪುಟ ಸಭೆ ಸೇರೋದು ಬಿಟ್ಟು ಬೇರೆ ಕಸುಬೇ ಇಲ್ವೇನ್ರೀ? ಹಾಳಾಗ್ಲಿ, ಗುರು ಯಾರು ಅಂತಾದ್ರೂ ಹೇಳಬೇಡ್ವಾ? ಮುಖವಾಡ ತೆಗೆಯೋಕೆ ಕೈ ಹಾಕ್ತಾನೆ, ಪುಸ್ತಕ ಮುಗಿದೇ ಹೋಗುತ್ತೆ!”

ಪ್ರಕಾಶಕರು ಕನ್ನಡಕದ ಮೇಲಿಂದ ನೋಡಿ ನಕ್ಕರು. “ನಿಮಗೆ ಅರ್ಥವಾಗಿಲ್ಲ ಬಿಡಿ. ಕೊನೆಯ ಅಧ್ಯಾಯಕ್ಕೆ ವಿಮರ್ಶಕರೆಲ್ಲ ತಲೆದೂಗಿದ್ದಾರೆ. ಗುರು ಯಾರೆಂಬ ಗುಟ್ಟನ್ನು ಇವತ್ತಿನವರೆಗೂ ಒಬ್ಬರೂ ಬಿಟ್ಟುಕೊಟ್ಟಿಲ್ಲ. ಅಂಥ ಮರ್ಯಾದಸ್ಥ ಓದುಗರು.”

“ಹಾಗಾದ್ರೆ ಆ ಅಧ್ಯಾಯ ತೋರಿಸಿ.”

ಅವಳ ಪ್ರತಿಯ ಕೊನೆ ತಿರುವಿದ ಅವರ ಹುಬ್ಬು ಗಂಟಿಕ್ಕಿತು. “ಬೈಂಡಿಂಗ್‌ನವನು ಕೊನೆಯ ಹದಿನಾರು ಪುಟ ಸೇರಿಸೋದು ಮರೆತಿದ್ದಾನೆ. ಎಲ್ಲೋ ಒಂದು ಪ್ರತಿ ಹೀಗಾಗುತ್ತಮ್ಮ, ಅದಕ್ಕೆ ಇಷ್ಟು ಕೂಗಾಡಬೇಕಾ?”

ಕಪಾಟಿನಿಂದ ಇನ್ನೊಂದು ತೆಗೆದರು. ಅದರಲ್ಲೂ ಗುರುವಿನ ಕೈ ಮುಖವಾಡದ ಮೇಲೇ ನಿಂತಿತ್ತು. ಮೂಲೆಯಲ್ಲಿದ್ದ ಬಂಡಲ್ ಬಿಚ್ಚಿದರು. ಒಂದಾದ ಮೇಲೊಂದು ತೆರೆದು ನೋಡಿದರು. ಎಲ್ಲದರಲ್ಲೂ ಅದೇ ಕೈ, ಅದೇ ಮುಖವಾಡ.

“ಎಷ್ಟು ಮಾರಿದ್ದೀರಿ?” ವಾರಿಜಾ ಕೇಳಿದಳು.

“ಎಂಟು ಸಾವಿರ.” ಅವರ ದನಿ ಉಡುಗಿತ್ತು. “ಕೊನೆ ಎಲ್ಲಿ ಅಂತ ಕೇಳಿಕೊಂಡು ಬಂದವರು ನೀವೇ ಮೊದಲು.”