ರೈಟರ್ ಅಜ್ಜನ ಸೀಟಿ

ದೇರಪ್ಪ ಸೀಟಿ ಊದಿದ. ಮೊಮ್ಮಕ್ಕಳು ತಿರುಗಿಯೂ ನೋಡಲಿಲ್ಲ. ಅಂಗಳದಲ್ಲಿ ಒಣಹಾಕಿದ್ದ ಕರಿಮೆಣಸಿನ ಮೇಲೆ ಮಿಲನ್ ಉರುಳುತ್ತಿದ್ದ. ಅಕ್ಕ ಮೋಕ್ಷಿತಾ ಅವನ ತಲೆಗೆ ಬೊಗಸೆ ಬೊಗಸೆ ಮೆಣಸು ಸುರಿಯುತ್ತಿದ್ದಳು.

"ನಲ್ವತ್ತು ಆಳುಗಳ್ನ ಒಂದೇ ಸೀಟಿಗೆ ಸಾಲಾಗಿ ನಿಲ್ಲಿಸ್ತಿದ್ದೆ ನಾನು. ನಿಂಗೆ ಎರಡು ಮಕ್ಕಳ್ನ ಹಿಡಿಯಕ್ಕಾಗಲ್ಲ, ಥೂ!" ಎಂದು ಸೊಸೆ ಕವನಾಳನ್ನು ಜರೆಯುತ್ತ ಅವನು ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕಿ ಕೆಲಸ ಮಾಡಿಸುವ ರೈಟರ್ ಕೆಲಸ ಬಿಟ್ಟು ಆರು ವರ್ಷವಾಗಿತ್ತು, ಗತ್ತು ಬಿಟ್ಟಿರಲಿಲ್ಲ. ಸ್ವಂತ ಮಗ ಯಾವ ಕ್ಲಾಸಿನಲ್ಲಿದ್ದಾನೆಂದು ಒಂದು ದಿನವೂ ವಿಚಾರಿಸದ ಮಹಾನುಭಾವ, ಮಕ್ಕಳನ್ನು ಬೆಳೆಸುವ ಪಾಠ ಹೇಳುತ್ತಿದ್ದ. ಕವನಾ ಪೊರಕೆ ಕೆಳಗಿಟ್ಟಳು.

"ಹಂಗಾರೆ ನೀವೇ ಹಿಡೀರಿ, ಮಾವ."

ಮತ್ತೆ ಸೀಟಿ ಕಚ್ಚಿಕೊಂಡು ಅವನು ಮಿಲನ್‌ನತ್ತ ಬಗ್ಗಿದ. ಅಷ್ಟರಲ್ಲಿ ಮೋಕ್ಷಿತಾ ಅಜ್ಜನ ಬೆನ್ನ ಹಿಂದೆ ನಿಂತಿದ್ದ ಮನೆಯ ಜೀಪಿನ ಬಾನೆಟ್ ಹತ್ತಿದ್ದಳು. ಈಗಲೂ ಆಗಾಗ ಮನೆಯ ಗೇಟಿನ ಬಳಿ ನಿಂತು ಅಜ್ಜನನ್ನು ಕರೆಯುವ ಎಸ್ಟೇಟ್ ಸಾಹುಕಾರರಂತೆಯೇ ಗಂಟಲು ದಪ್ಪ ಮಾಡಿ ಕೂಗಿದಳು: "ಏಯ್ ರೈಟರ್!"

ದೇರಪ್ಪನ ಬಾಯಿಂದ ಸೀಟಿ ಬಿತ್ತು. ಎತ್ತಿ ಕಟ್ಟಿದ್ದ ಪಂಚೆಯನ್ನು ಕೈ ತಾನಾಗಿಯೇ ಪಾದದವರೆಗೆ ಇಳಿಸಿತು.

"ಬಂದೆ ಸಾರ್!"