ಸಂಜೆಯವರೆಗೆ ತಡೆದ ನೋವು

ನಳಿನಾಕ್ಷಿಯ ಮುರಿದ ಮುಂಗೈಗೆ ಕೂರಿಸಲು ಅವಳದೇ ಸೊಂಟದಿಂದ ಒಂದು ಚೂರು ಮೂಳೆ ತೆಗೆದಿದ್ದರು. ಆಪರೇಷನ್ ಆದ ಮೇಲೆ ಕೈಗಿಂತ ಸೊಂಟವೇ ಉರಿಯತೊಡಗಿತು. ಮಗ್ಗುಲಾಗಲೂ ಆಗುತ್ತಿರಲಿಲ್ಲ.

"ರೀ, ನರ್ಸಿಗೆ ಹೇಳಿ ಒಂದು ಇಂಜೆಕ್ಷನ್ ಕೊಡಿಸ್ರೀ," ಎಂದು ಗಂಡನನ್ನು ಬೇಡಿಕೊಂಡಳು.

ಅವನು ಹೊರಗೆ ಹೋಗಿ ಬಂದ. "ಈಗ್ಲೇ ಕೊಡೋ ಹಾಗಿಲ್ವಂತೆ ಕಣೇ, ಸಂಜೆವರೆಗೂ ತಡ್ಕೋಬೇಕಂತೆ. ನಾನು ಹೊರಗೇ ಇದ್ದು ಮತ್ತೆ ಮತ್ತೆ ಕೇಳ್ತಿರ್ತೀನಿ."

ತನಗಾಗಿ ಇಷ್ಟು ಒದ್ದಾಡುತ್ತಿದ್ದಾನಲ್ಲ ಎಂದುಕೊಂಡು ಅವಳು ಹೊದಿಕೆಯ ಅಂಚು ಕಚ್ಚಿ ಸಹಿಸಿದಳು.

ಸಂಜೆ ಬಂದ ನರ್ಸ್ ಅವಳ ಬೆವೆತ ಹಣೆ ಮುಟ್ಟಿ ಗಾಬರಿಯಾದಳು. "ಇಷ್ಟು ನೋವಿದ್ರೆ ಹೇಳಿ ಕಳಿಸಬಾರದಾ ಅಮ್ಮಾ? ಆಗ್ಲೇ ಕೊಡ್ತಿದ್ವಲ್ಲ!"

"ನಮ್ಮನೆಯವರು ಬಂದು ಕೇಳಿದ್ರಲ್ಲ, ಸಿಸ್ಟರ್?"

"ಬಂದಿದ್ರು. ಮ್ಯಾಚ್ ನೋಡೋಕೆ ಟಿವಿ ಎಲ್ಲಿದೆ ಅಂತ ಕೇಳಿದ್ರು."