ನಿಲ್ಲುವಾಗಿನ ಸಿಳ್ಳೆ

"ಸ್ವಿಚ್ ಹಾಕ್ತೀನಿ, ಬೇಕಾದ್ರೆ ಕಿವಿ ಮುಚ್ಕೊಳ್ಳಿ," ಎಂದಳು ಮ್ಯೂಸಿಯಂ ನೋಡಿಕೊಳ್ಳುವ ಹೆಂಗಸು. ಕಂಪೌಂಡರ್ ಕಿವಿ ಮುಚ್ಚಲಿಲ್ಲ, ಕಣ್ಣು ಮುಚ್ಚಿದ. ಅವನ ಜೊತೆ ಬಂದಿದ್ದ ಮೆಕ್ಯಾನಿಕ್ ಮಾತ್ರ ಕಿಟಕಿಯ ಕಡೆ ತಿರುಗಿ ನಿಂತ.

ಬಾಗಿಲು ಮುಚ್ಚಿದ್ದ ಅಂಗಿ ಗುಂಡಿಯ ಕಾರ್ಖಾನೆಯೊಂದರ ಎರಡನೇ ಮಹಡಿಯಲ್ಲಿತ್ತು ಆ ಮ್ಯೂಸಿಯಂ. ಗೋಡೆಯಿಂದ ಗೋಡೆಗೆ ಹಳೆಯ ಕಾಲದ ವ್ಯಾಕ್ಯೂಮ್ ಕ್ಲೀನರ್‌ಗಳು, ಒಂದೊಂದಕ್ಕೂ ಒಂದೊಂದು ಚೀಟಿ. ಇಬ್ಬರಿಗೂ ಇವನ್ನು ಕೂಡಿಡುವ ಹುಚ್ಚು. ಕಂಪೌಂಡರನ ಮನೆಯಲ್ಲೇ ಹದಿನಾಲ್ಕಿದ್ದವು. "ಹದಿನಾಲ್ಕು ಧೂಳು ಎಳೆಯೋ ಮಷೀನು, ಒಂದೊಂದರ ಮೇಲೂ ಬೆರಳು ದಪ್ಪ ಧೂಳು," ಎಂದು ಅವನ ಹೆಂಡತಿ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ಇವತ್ತು ಇಬ್ಬರೂ ಮೂರು ಗಂಟೆ ಬಸ್ಸಿನಲ್ಲಿ ಕೂತು ಬಂದದ್ದು ಪತ್ರಿಕೆಯಲ್ಲಿ ಫೋಟೋ ನೋಡಿದ ಈ ಒಂದು ಹಸಿರು ಮಷೀನಿಗಾಗಿ. ದಾರಿಯುದ್ದಕ್ಕೂ ಕಂಪೌಂಡರನ ಬಾಯಿ ನಿಂತಿರಲಿಲ್ಲ.

ಮಷೀನು ಗುರ್ರೆಂದು ಓಡಿತು, ನಿಂತಿತು. ಕಂಪೌಂಡರ್ ಕಣ್ಣು ತೆರೆದ. ಮುಖ ಸಪ್ಪಗಾಗಿತ್ತು.

"ಇದಲ್ಲ."

"ಅದೇ ಮಾಡೆಲ್ ಅಂದ್ರಲ್ರೀ?" ಎಂದಳು ಹೆಂಗಸು.

"ಮಾಡೆಲ್ ಅದೇ, ಬಣ್ಣಾನೂ ಅದೇ. ಆದ್ರೆ ನಮ್ಮಮ್ಮಂದು ನಿಲ್ಲೋವಾಗ ಒಂದು ಸಿಳ್ಳೆ ಹಾಕ್ತಿತ್ತು. ಮುಚ್ಚಳದಲ್ಲಿ ಒಂದು ಸೀಳು ಬಿಟ್ಟಿತ್ತಲ್ಲ, ಅಲ್ಲಿಂದ. ಶಾಲೆಯಿಂದ ಬರೋವಾಗ ಮೆಟ್ಟಿಲ ಮೇಲೆ ಆ ಸಿಳ್ಳೆ ಕೇಳಿದ್ರೆ ಸಾಕು, ಅಮ್ಮನ ಕೆಲಸ ಮುಗೀತು, ಇನ್ನು ನಮ್ಜೊತೆ ಕೂತ್ಕೋತಾಳೆ ಅಂತ ಎರಡೆರಡು ಮೆಟ್ಟಿಲು ಹತ್ತುತ್ತಿದ್ದೆ."

"ಈಗೆಲ್ಲಿದೆ ಅದು?"

"ಗುಜರಿಗೆ ಹೋಯ್ತು. ಇವನೇ ಸಾಕ್ಷಿ," ಎಂದು ಕಂಪೌಂಡರ್ ಗೆಳೆಯನ ಭುಜ ತಟ್ಟಿದ. "ಮೋಟಾರು ಕಚ್ಕೊಂಡು ಎರಡು ವರ್ಷ ಸುಮ್ನೆ ಬಿದ್ದಿತ್ತು. ಅಮ್ಮ ಹೋದ್ಮೇಲೆ ಇವನ ಅಂಗಡಿಗೆ ಹೊತ್ಕೊಂಡು ಹೋದೆ. ಒಳಗೆಲ್ಲ ಸುಟ್ಟುಹೋಗಿದೆ, ಆಸೆ ಬಿಡು ಅಂದ. ನನ್ನ ಕೈಯಾರೆ ಎಸೆಯೋಕಾಗಲ್ಲ, ನೀನೇ ಎಸೆದುಬಿಡು ಅಂತ ಅಲ್ಲೇ ಬಿಟ್ಟುಬಂದೆ. ನಮ್ಮಿಬ್ಬರ ಪರಿಚಯ ಆಗಿದ್ದೇ ಅವತ್ತು."

ಮೆಕ್ಯಾನಿಕ್ ಎಸೆದಿರಲಿಲ್ಲ. ಒಳಗೆ ಏನೂ ಸುಟ್ಟಿರಲೂ ಇಲ್ಲ. ಫ್ಯಾನಿನ ರೆಕ್ಕೆಗೆ ಒಂದು ಹೇರ್‌ಪಿನ್ ಸಿಕ್ಕಿಕೊಂಡಿತ್ತು, ಅಷ್ಟೆ. ಅಂಥ ಹಸಿರು ಮಷೀನು ಈ ಜನ್ಮದಲ್ಲಿ ಇನ್ನೊಂದು ಕೈಗೆ ಸಿಗುವುದಿಲ್ಲವೆಂದು ನೋಡಿದ ಕೂಡಲೇ ಗೊತ್ತಾಗಿ, ಸುಳ್ಳು ತಾನಾಗಿ ಬಾಯಿಂದ ಜಾರಿತ್ತು. ಹನ್ನೊಂದು ವರ್ಷಗಳಿಂದ ಅದು ಅವನ ಬೀರುವಿನಲ್ಲಿ ಹಾಸಿಗೆಯ ಹೊದಿಕೆ ಹೊದ್ದು ಕೂತಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ, ಕಿಟಕಿ ಮುಚ್ಚಿ, ಕಳ್ಳನ ಹಾಗೆ ಒಂದೆರಡು ನಿಮಿಷ ಓಡಿಸುತ್ತಿದ್ದ. ಮೊದಮೊದಲು ಹಿಗ್ಗಾಗುತ್ತಿತ್ತು. ಈಗೀಗ ಆ ಸಿಳ್ಳೆ ಮುಗಿದದ್ದೇ ತಡ, ಹೊದಿಕೆ ಹೊದಿಸಿ ಬೀರು ಮುಚ್ಚಿಬಿಡುತ್ತಿದ್ದ.

ಕಂಪೌಂಡರನಿಗೆ ಹುಚ್ಚು ಹಿಡಿದದ್ದೇ ಅದನ್ನು ಕಳೆದುಕೊಂಡ ಮೇಲೆ. ಅಂಥದ್ದೇ ಇನ್ನೊಂದು ಸಿಕ್ಕೀತೇನೋ ಎಂದು ಗುಜರಿ ಅಂಗಡಿಗಳನ್ನು ಸುತ್ತತೊಡಗಿದ್ದ, ಹಸಿರು ಬಣ್ಣದ್ದು ಸಿಗದೆ ಬೇರೆ ಹದಿನಾಲ್ಕು ಹೊತ್ತು ತಂದಿದ್ದ. ಮೆಕ್ಯಾನಿಕ್ ಭಾನುವಾರ ತಪ್ಪದೆ ಅವನ ಜೊತೆ ಹೋಗಿ, ತನ್ನ ಬೀರುವಿನಲ್ಲಿದ್ದ ಮಷೀನನ್ನು ಊರೆಲ್ಲ ಹುಡುಕಿದ್ದ. ನಿಜ ಹೇಳಿಬಿಡೋಣವೆಂದು ಎಷ್ಟೋ ಸಲ ಮಾತು ಗಂಟಲ ತನಕ ಬಂದಿತ್ತು. ಮೊದಲು ಆಸೆ ಬಿಡಲಿಲ್ಲ, ಆಮೇಲೆ ನಾಚಿಕೆ ಬಿಡಲಿಲ್ಲ. ಕೊನೆಗೆ ಸ್ನೇಹವೇ ಅಡ್ಡ ಬಂತು. ಮೆಕ್ಯಾನಿಕ್‌ಗೆ ಇದ್ದ ಒಬ್ಬನೇ ಗೆಳೆಯ ಕಂಪೌಂಡರ್.

"ಸಿಳ್ಳೆ ಹೇಗಿತ್ತು, ಹಾಕಿ ನೋಡೋಣ," ಎಂದಳು ಹೆಂಗಸು ನಗುತ್ತಾ.

ಕಂಪೌಂಡರ್ ತುಟಿ ಮಡಿಸಿ ಊದಿದ. "ಊಹೂಂ, ಹೀಗಲ್ಲ." ಮತ್ತೆ ಊದಿದ. "ಮೊದಲು ಇಳೀತಿತ್ತು... ಅಲ್ಲ, ಏರ್ತಿತ್ತಾ?" ಮೂರನೇ ಸಲ ಅರ್ಧಕ್ಕೇ ನಿಲ್ಲಿಸಿದ. "ಥೂ, ಮರೆತೇ ಹೋಗ್ತಿದೆ ಕಣೋ. ಹೋದ ವರ್ಷ ಕೂಡ ನೆನಪಿತ್ತು." ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ.

ಮೆಕ್ಯಾನಿಕ್‌ಗೆ ನೋಡಲಾಗಲಿಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯುವುದರೊಳಗೆ ಅವನೇ ಸಿಳ್ಳೆ ಹಾಕಿದ್ದ. ಮೊದಲು ಉದ್ದಕ್ಕೆ ಇಳಿಯಿತು. ಒಂದು ಕ್ಷಣ ನಿಂತಿತು. ಕೊನೆಗೆ ಚಿಕ್ಕದಾಗಿ ಮೇಲೇರಿತು.

"ಅದೇ!" ಎಂದು ಕಂಪೌಂಡರ್ ಚಪ್ಪಾಳೆ ತಟ್ಟಿದ. "ಅದೇ ಕಣೋ, ಥೇಟ್ ಅದೇ!" ಎರಡನೇ ಚಪ್ಪಾಳೆಗೆ ಎತ್ತಿದ ಕೈಗಳು ಅಲ್ಲೇ ನಿಂತವು. ಗೆಳೆಯನನ್ನು ನೋಡಿದ. ಹಸಿರು ಮಷೀನನ್ನು ನೋಡಿದ. ಮತ್ತೆ ಗೆಳೆಯನನ್ನು ನೋಡಿದ.

"ನಿನ್ನ ಅಂಗಡಿಗೆ ತಂದಾಗ ಅದು ಓಡ್ತಾನೇ ಇರ್ಲಿಲ್ವಲ್ಲೋ," ಎಂದ ಮೆಲ್ಲಗೆ.

ಮೆಕ್ಯಾನಿಕ್ ನೆಲ ನೋಡಿದ. ಬೈದುಬಿಡಲಿ, ಕೆನ್ನೆಗೆರಡು ಬಾರಿಸಲಿ ಎಂದು ಕಾದ. ಕಂಪೌಂಡರ್ ಬೈಯಲಿಲ್ಲ. ಅಲ್ಲಿದ್ದ ಸ್ಟೂಲಿನ ಮೇಲೆ ಕೂತು, ಕನ್ನಡಕ ತೆಗೆದು ಮಡಚಿ ಜೇಬಿಗಿಟ್ಟು, ಕಣ್ಣು ಮುಚ್ಚಿದ.

"ಇನ್ನೊಂದ್ಸಲ ಹಾಕು," ಎಂದ.

ಮೆಕ್ಯಾನಿಕ್ ತುಟಿ ಮಡಿಸಿ ಊದಿದ. ಬರೀ ಗಾಳಿ ಬಂತು.